ಎರಡು ರಿಂಗು, ನಾಲ್ಕು ನಿಮಿಷ

"ಇನ್ನೊಂದು ಸಲ ಹೇಳಿ ದೊಡ್ಡಮ್ಮ. ಎಷ್ಟು ನಿಮಿಷ?"

"ನಾಲ್ಕು."

"ಅಂದಾಜಿಗೆ ನಾಲ್ಕೋ, ಇಲ್ಲಾ..."

"ಅಂದಾಜು ಗಿಂದಾಜು ನನ್ನ ಹತ್ರ ಬೇಡ ಕಣಮ್ಮ. ಮೂವತ್ತೆರಡು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ಬಂದವಳು ನಾನು. ಟ್ರಂಕ್ ಕಾಲ್ ಮೂರು ನಿಮಿಷ ಮುಗೀತು ಅಂದ್ರೆ ಗಡಿಯಾರ ನೋಡದೇನೇ ಹೇಳ್ತಿದ್ದೆ. ನಾಲ್ಕು ಅಂದ್ರೆ ನಾಲ್ಕು."

ಸೀಟಿಯಕ್ಕ ತೊಡೆಯ ಮೇಲಿದ್ದ ಟೋಪಿಯನ್ನು ಒಂದು ಸುತ್ತು ತಿರುಗಿಸಿದಳು. ಠಾಣೆಯ ಹಾಜರಿ ಪುಸ್ತಕದಲ್ಲಿ ಅವಳು ಹೆಡ್ ಕಾನ್‌ಸ್ಟೇಬಲ್. ಈ ಬೀದಿಯ ಬೀಟಿಗೆ ಬಂದ ಮೊದಲ ವಾರವೇ, ಅವಸರದಲ್ಲಿದ್ದ ಹಾಲಿನವನನ್ನು ಸೈಕಲ್ ಕಳ್ಳನೆಂದು ತಿಳಿದು ಆ ತುದಿಯಿಂದ ಈ ತುದಿಗೆ ಸೀಟಿ ಊದಿಕೊಂಡು ಓಡಿದ್ದಳು. ಅವತ್ತು ಅಂಟಿದ ಹೆಸರು ಎಷ್ಟು ಉಜ್ಜಿದರೂ ಹೋಗಿರಲಿಲ್ಲ.

ಇವತ್ತು ಯಾರೂ ಅವಳನ್ನು ಆ ಹೆಸರಿನಿಂದ ಕೂಗಿರಲಿಲ್ಲ. ಬೀದಿಗೆ ಕಾಲಿಟ್ಟಾಗ ಎರಡು ಮನೆಯ ಕಿಟಕಿಗಳು ಪಟಪಟನೆ ಮುಚ್ಚಿಕೊಂಡಿದ್ದವು.

ಬುಧವಾರ ಮಧ್ಯಾಹ್ನ ಗಡಿಯಾರ ರಿಪೇರಿ ಮಾಡುವ ಅಜ್ಜನ ತಲೆಗೆ ಯಾರೋ ಹೊಡೆದು ಹೋಗಿದ್ದರು. ಕಳವಾದದ್ದು ಒಂದೇ ಒಂದು ಕೈಗಡಿಯಾರ. ಅದು ಯಾರದೆಂದು ಬರೆದಿದ್ದ ರಿಪೇರಿ ಪುಸ್ತಕದ ಹಾಳೆಯೂ ಇರಲಿಲ್ಲ. ಹೇಳಬಲ್ಲ ಅಜ್ಜ ಮೂರು ದಿನದಿಂದ ಆಸ್ಪತ್ರೆಯಲ್ಲಿ ಕಣ್ಣು ತೆರೆದಿರಲಿಲ್ಲ. ನಾಲ್ಕರ ಮೇಲೆ ಬೀದಿಯವರೇ ಕಂಡು ಅಜ್ಜನನ್ನು ಅಲ್ಲಿಗೆ ಒಯ್ದಿದ್ದರು. ಮುಕ್ಕಾಲು ಗಂಟೆ ಮೊದಲು ಕರೆತಂದಿದ್ದರೆ ಮಾತೇ ಬೇರೆಯಿತ್ತು ಎಂದು ಡಾಕ್ಟರು ಹೇಳಿದ್ದರು.

ಬೀದಿಯವರು ಆ ಮುಕ್ಕಾಲು ಗಂಟೆಯನ್ನೇ ಹಿಡಿದುಕೊಂಡಿದ್ದರು. ನಾವು ಫೋನ್ ಮಾಡಿದೆವು, ಪೊಲೀಸರು ಬರಲಿಲ್ಲ ಎಂದು ದೂರು ಬರೆದುಕೊಟ್ಟಿದ್ದರು. ಇವತ್ತು ಸಂಜೆ ಐದಕ್ಕೆ ಶಾಲೆಯ ಹಾಲ್‌ನಲ್ಲಿ ಎಲ್ಲರೆದುರೇ ವಿಚಾರಣೆ, ದೊಡ್ಡ ಸಾಹೇಬರೇ ಬರುವವರಿದ್ದರು. ಬುಧವಾರ ಎರಡರಿಂದ ಆರರವರೆಗೆ ಠಾಣೆಯ ಫೋನಿನ ಮುಂದೆ ಡ್ಯೂಟಿ ಇದ್ದದ್ದು ಸೀಟಿಯಕ್ಕನಿಗೆ. ಕರೆ ಬಂದಿತ್ತು ಎಂದು ರುಜುವಾತಾದರೆ ಅವಳು ಬೆಲ್ಟು ಬಿಚ್ಚಿಟ್ಟು ಮನೆಗೆ ಹೋಗಬೇಕು.

ಗೋಡೆಯ ಗಡಿಯಾರದಲ್ಲಿ ಮೂರೂವರೆ.

"ನಾಲ್ಕೇ ನಿಮಿಷಕ್ಕೆ ವಾಪಸ್ ರಿಂಗ್ ಬಂತಲ್ಲ, ನಿಮಗೆ ಏನೂ ಅನ್ನಿಸಲಿಲ್ವಾ?"

ಆಪರೇಟರ್ ದೊಡ್ಡಮ್ಮ ತುಟಿ ಕಚ್ಚಿಕೊಂಡರು. "ಅನ್ನಿಸ್ತು. ಪರವಾಗಿಲ್ಲವೇ, ಇವತ್ತು ಎಲ್ಲರೂ ಚುರುಕಾಗಿದ್ದಾರೆ ಅನ್ನಿಸ್ತು. ಮನಸ್ಸಿನಲ್ಲೇ ಬೆನ್ನು ತಟ್ಟಿ ಕೂತೆ. ಆ ಕಡೆ ಆ ಮನುಷ್ಯ ರಕ್ತ ಸುರಿಸಿಕೊಂಡು ಬಿದ್ದಿದ್ದ."

ಅವರು ಕಿಟಕಿಯ ಕಡೆ ತಿರುಗಿದರು. ಅಲ್ಲಿಂದ ಗಡಿಯಾರದಂಗಡಿಯ ಹಿಂಬಾಗಿಲು ನೇರ ಕಾಣುತ್ತಿತ್ತು. ಈಗ ಅದಕ್ಕೆ ಪೊಲೀಸ್ ಸೀಲು.

* * *

ಫೋನ್ ಸರಪಳಿ ಹುಟ್ಟಿದ್ದು ಒಳ್ಳೆಯ ಉದ್ದೇಶಕ್ಕೇ.

ಹೋದ ವರ್ಷ ಬೀದಿಯ ಟ್ರಾನ್ಸ್‌ಫಾರ್ಮರ್ ಢಮಾರ್ ಎಂದಾಗ ಅರ್ಧ ಗಂಟೆಯಲ್ಲಿ ಠಾಣೆಗೆ ನಲವತ್ತೊಂದು ಕರೆ ಬಂದಿದ್ದವು. ಅದೇ ಹೊತ್ತಿಗೆ ಬಸ್ ನಿಲ್ದಾಣದಲ್ಲಿ ಒಬ್ಬನಿಗೆ ಚಾಕು ಬಿದ್ದು, ಅಲ್ಲಿಂದ ಡಯಲ್ ಮಾಡುತ್ತಿದ್ದವನಿಗೆ ಸಿಕ್ಕಿದ್ದು ಬರೀ ಎಂಗೇಜ್ ಸದ್ದು. ಆಮೇಲೆ ಸೀಟಿಯಕ್ಕನೂ ಬೀದಿಯ ಸಮಿತಿಯೂ ಕೂತು ಈ ಏರ್ಪಾಡು ಮಾಡಿದ್ದರು. ಯಾರು ಏನೇ ಕಂಡರೂ ಮೊದಲು ಆಪರೇಟರ್ ದೊಡ್ಡಮ್ಮನಿಗೆ. ದೊಡ್ಡಮ್ಮ ಟೈಲರಮ್ಮನಿಗೆ, ಟೈಲರಮ್ಮ ಡ್ರಾಯಿಂಗ್ ಮೇಷ್ಟ್ರಿಗೆ, ಮೇಷ್ಟ್ರು ಬೇಕರಿಗೆ, ಬೇಕರಿಯವನು ಕೊನೆಯ ಮನೆಯ ಕಾಂಪೌಂಡರಿಗೆ. ದಾರಿಯಲ್ಲಿ ಪ್ರತಿಯೊಬ್ಬರೂ ತಮ್ಮ ಸಾಲಿನ ಮನೆಗಳನ್ನು ಎಚ್ಚರಿಸಬೇಕು. ಠಾಣೆಗೆ ಕರೆ ಮಾಡುವವರು ಕಾಂಪೌಂಡರ್ ಒಬ್ಬರೇ. ಅದಾದ ಮೇಲೆ ಅವರು ದೊಡ್ಡಮ್ಮನ ಮನೆಗೆ ಎರಡು ರಿಂಗು ಕೊಟ್ಟು ಇಟ್ಟುಬಿಡಬೇಕು. ಎರಡು ರಿಂಗು ಅಂದರೆ ಸುದ್ದಿ ಮುಟ್ಟಿತು, ಪೊಲೀಸರು ಹೊರಟರು ಎಂದರ್ಥ. ಸರದಿ ತಪ್ಪಿಸಿ ಯಾರೂ ನಡುವೆ ನುಗ್ಗಬಾರದು.

ಪ್ರತಿ ತಿಂಗಳ ಮೊದಲ ಭಾನುವಾರ ಅಭ್ಯಾಸ ನಡೆಯುತ್ತಿತ್ತು. ಹನ್ನೊಂದು ನಿಮಿಷ. ತೀರಾ ಹುರುಪಿದ್ದ ದಿನ ಒಂಬತ್ತು. ಅದಕ್ಕಿಂತ ಕಡಿಮೆ ಒಮ್ಮೆಯೂ ಆಗಿರಲಿಲ್ಲ.

ಬುಧವಾರ ಮೂರು ಹತ್ತಕ್ಕೆ ದೊಡ್ಡಮ್ಮ ಟೈಲರಮ್ಮನಿಗೆ ಹೇಳಿದ್ದು ಇಷ್ಟು: ಗಡಿಯಾರದಂಗಡಿ ಹಿಂಬಾಗಿಲು ತೆಗೆದಿದೆ, ಎಡಗಾಲು ಎಳೆಯುವ ಗಂಡಸೊಬ್ಬ ಒಳಗೆ ಹೋದ. ಮೂರು ಹದಿನಾಲ್ಕಕ್ಕೆ ಎರಡು ರಿಂಗು ಬಂದು ನಿಂತವು. ಮೂರಕ್ಕೂ ನಾಲ್ಕಕ್ಕೂ ನಡುವೆ ಕಾಂಪೌಂಡರಿಗೆ ಯಾವ ಕರೆಯೂ ಬಂದಿರಲಿಲ್ಲ.

ಹಾಗಾದರೆ ಆ ಎರಡು ರಿಂಗು ಕೊಟ್ಟವರು ಯಾರು?

* * *

ಟೈಲರಮ್ಮ ಮಿಷನ್ನಿನಿಂದ ತಲೆ ಎತ್ತಲಿಲ್ಲ. ಬಾಯಲ್ಲಿ ಎರಡು ಗುಂಡುಸೂಜಿ.

"ನಾನು ಮೇಷ್ಟ್ರಿಗೆ ಹೇಳಿದೀನಿ. ಎಷ್ಟು ಸಲ ಕೇಳ್ತೀರ ಮೇಡಂ?"

ಮೇಡಂ. ಮೊನ್ನೆಯವರೆಗೆ ಅಕ್ಕ ಎನ್ನುತ್ತಿದ್ದಳು.

"ಮೇಷ್ಟ್ರು ಎಷ್ಟು ಹೊತ್ತು ತಗೊಂಡ್ರು?"

"ಅವರು ತಗೊಳ್ಳೋಷ್ಟು ಹೊತ್ತು. ಕಿವಿ ಮಂದ ಅಲ್ವಾ, ಎರಡೆರಡು ಸಲ ಹೇಳಿಸ್ತಾರೆ. ಆಮೇಲೆ ಸ್ಲೇಟಿನ ಮೇಲೆ ಬರ್ಕೊಂಡು ಓದಿ ಹೇಳ್ತಾರೆ, ಒಂದಕ್ಷರ ಆಚೀಚೆ ಆಗಬಾರದು ಅಂತ. ಮೂರು ನಿಮಿಷ ಆದ್ರೂ ಬೇಕು. ಅವರ ಹತ್ರ ಫೋನಲ್ಲಿ ಮಾತಾಡೋ ಹೊತ್ತಿಗೆ ನಾನೊಂದು ರವಿಕೆಗೆ ಗುಂಡಿ ಹಾಕಿ ಮುಗಿಸಬಹುದು." ಸೂಜಿ ತೆಗೆದು ಬಟ್ಟೆಗೆ ಚುಚ್ಚಿದಳು. "ನಗು ಬರಬೇಕಿತ್ತು, ಬರ್ತಿಲ್ಲ."

"ಬುಧವಾರವೂ ಓದಿ ಹೇಳಿದ್ರಾ?"

ಟೈಲರಮ್ಮನ ಕಾಲು ಪೆಡಲಿನ ಮೇಲೆ ನಿಂತಿತು.

"ಇಲ್ಲ. ಎಡಗಾಲು ಅಂತ ಎರಡನೇ ಸಲ ಅಂದೆ ನೋಡಿ, ಸುಮ್ಮನಾದ್ರು. ಲೈನ್ ಕಟ್ಟಾಯ್ತೇನೋ ಅಂದ್ಕೊಂಡೆ. ಆಮೇಲೆ 'ಆಯ್ತಮ್ಮ, ನಾನು ಹೇಳ್ತೀನಿ' ಅಂದು ಇಟ್ಟುಬಿಟ್ರು."

ಬೇಕರಿಯವನು ಅಡ್ಡ ಬೀದಿಯಲ್ಲೇ ಸಿಕ್ಕಿದ. ಬೆಳಗಿನ ಖಾಲಿ ಟ್ರೇಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದ.

"ನಂಗೆ ಯಾರೂ ಫೋನ್ ಮಾಡ್ಲಿಲ್ಲ ಅಕ್ಕ. ನನ್ನ ಮಕ್ಕಳಾಣೆ."

"ಬುಧವಾರ ಮೂರೂವರೆಗೆ ಈ ಟ್ರೇ ತೊಳೆಯೋಕೆ ಹಿಂದೆ ಹೋಗಿದ್ಯಂತಲ್ಲ. ಗಡಿಯಾರದಂಗಡಿ ಬಾಗಿಲು ತೆಗೆದಿದ್ದು ಕಾಣಲಿಲ್ವಾ?"

"ಕಾಣ್ತು."

"ಮತ್ತೆ? ಠಾಣೆಗೆ ಒಂದು ಫೋನ್ ಮಾಡೋಕೆ ಕೈಗೆ ಏನಾಗಿತ್ತು?"

ಅವನು ಅವಳನ್ನೇ ಪಿಳಿಪಿಳಿ ನೋಡಿದ. "ನನ್ನ ಸರದಿ ಬಂದಿರ್ಲಿಲ್ಲಲ್ಲ ಅಕ್ಕ. ನಡುವೆ ನುಗ್ಗಬೇಡಿ ಅಂದವರು ನೀವೇ. ಏನಾದ್ರೂ ಆಗಿದ್ರೆ ಮೇಷ್ಟ್ರಿಂದ ಬರುತ್ತೆ ಅಂತ ಒಳಗೆ ಹೋಗಿ ಫೋನ್ ಪಕ್ಕದಲ್ಲೇ ಕೂತೆ. ಕೈ ಸಹ ಒರೆಸಿಕೊಂಡಿದ್ದೆ."

ಸೀಟಿಯಕ್ಕನಿಗೆ ಅವನ ಮೇಲೆ ಸಿಟ್ಟಾಗಲು ಜಾಗವೇ ಇರಲಿಲ್ಲ. ಆ ನಿಯಮವನ್ನು ತನ್ನ ಕೈಯಾರೆ ಬರೆದು, ಐದು ಪ್ರತಿ ಮಾಡಿಸಿ, ಐದೂ ಫೋನಿನ ಪಕ್ಕ ಅಂಟಿಸಿದವಳು ಅವಳೇ.

ಮೇಷ್ಟ್ರ ಮನೆಯ ಕಡೆಗಿನ ಮೆಟ್ಟಿಲು ಹತ್ತುತ್ತಾ ಅವಳು ಕೂಡಿಸಿ ನೋಡಿದಳು. ದೊಡ್ಡಮ್ಮನಿಂದ ಟೈಲರಿಗೆ ಅರ್ಧ ನಿಮಿಷ. ಅಲ್ಲಿಂದ ಮೇಷ್ಟ್ರಿಗೆ ಹೇಳಿ ಮುಗಿಸಲು ಮೂರು. ಮಿಕ್ಕ ಅರ್ಧ ನಿಮಿಷದಲ್ಲಿ ಎರಡು ರಿಂಗು. ಬೇಕರಿಗಾಗಲಿ ಕಾಂಪೌಂಡರಿಗಾಗಲಿ ಆ ನಾಲ್ಕು ನಿಮಿಷದಲ್ಲಿ ಜಾಗವಿಲ್ಲ.

ಸರಪಳಿ ಮೇಷ್ಟ್ರ ಮನೆಯಲ್ಲೇ ಕಡಿದಿತ್ತು. ಕರೆ ಠಾಣೆಯವರೆಗೆ ಬಂದೇ ಇರಲಿಲ್ಲ.

ಹಗುರಾಗಬೇಕಿತ್ತು. ಆಗಲಿಲ್ಲ. ಏಕೆಂದರೆ ಮೂರು ದಿನದಿಂದ ಅವಳ ಹೊಟ್ಟೆಯೊಳಗೆ ಇನ್ನೊಂದು ಮಾತು ಕೂತಿತ್ತು. ಬುಧವಾರ ಮೂರೂ ಕಾಲಿನಿಂದ ಮೂರು ಇಪ್ಪತ್ತೈದರವರೆಗೆ ಅವಳು ಫೋನಿನ ಮುಂದೆ ಇರಲಿಲ್ಲ. ಹಿತ್ತಲ ನಲ್ಲಿಯಲ್ಲಿ ಮುಖ ತೊಳೆದು, ಅಲ್ಲೇ ನಿಂತು ಟೀ ಕುಡಿದಿದ್ದಳು. ಮೊದಲ ದಿನ ಠಾಣೆಯಲ್ಲಿ ಮೇಲಿನವರು ಕೇಳಿದಾಗ "ಕುರ್ಚಿ ಬಿಟ್ಟು ಎದ್ದಿಲ್ಲ ಸರ್" ಎಂದು ಬಾಯಿಗೆ ಬಂದಿದ್ದನ್ನು ಹೇಳಿಬಿಟ್ಟಿದ್ದಳು. ಠಾಣೆಯ ಬರವಣಿಗೆಯೆಲ್ಲ ನೋಡಿಕೊಳ್ಳುವ ರೈಟರ್ ಕೂಡಲೇ "ನಾನೇ ಸಾಕ್ಷಿ ಸರ್, ಅಕ್ಕ ಎದ್ದೇ ಇಲ್ಲ" ಎಂದು ಅವಳ ಬೆನ್ನಿಗೆ ನಿಂತಿದ್ದ. ಆ ಹೊತ್ತಿನಲ್ಲಿ ಅವಳಿಗೆ ಅವನ ಕಾಲು ಹಿಡಿಯುವಷ್ಟು ಋಣವೆನಿಸಿತ್ತು.

* * *

ಮೇಷ್ಟ್ರ ಮನೆಯ ಹೊರಕೋಣೆಯಲ್ಲಿ ಪೆನ್ಸಿಲ್ ಹೆರೆದ ವಾಸನೆ. ಮೇಜಿನ ಮೇಲೆ ಹನ್ನೆರಡು ಪೆನ್ಸಿಲುಗಳು ತುದಿ ಚೂಪಾಗಿ ಸಾಲಾಗಿದ್ದವು. ಫೋನಿನ ಪಕ್ಕದ ಸ್ಲೇಟನ್ನು ಒರೆಸಿ ಇಟ್ಟಿದ್ದರು.

ಅವರು ಇಸ್ತ್ರಿಯ ಅಂಗಿ ತೊಟ್ಟು ಸಿದ್ಧರಾಗಿದ್ದರು. ಸಮಿತಿಯ ಅಧ್ಯಕ್ಷರು ಅವರೇ. ದೂರಿನ ಕೆಳಗೆ ಇದ್ದದ್ದು ಅವರದೇ ಸಹಿ.

"ಐದಕ್ಕಲ್ಲವೇನಮ್ಮ ಸಭೆ? ಇನ್ನೂ ಹೊತ್ತಿದೆಯಲ್ಲ."

ಅವಳು ಕುರ್ಚಿಯನ್ನು ಅವರ ಬಲಗಿವಿಯ ಹತ್ತಿರಕ್ಕೆ ಎಳೆದುಕೊಂಡಳು. ಕೂಗಿ ಮಾತಾಡಿದರೆ ಬೀದಿಗೆಲ್ಲ ಕೇಳಿಸೀತು.

"ಮೇಷ್ಟ್ರೇ, ಬೇಕರಿಗೆ ಯಾಕೆ ಫೋನ್ ಮಾಡಲಿಲ್ಲ?"

"ಮಾಡಿದೆನಲ್ಲ."

"ಇಲ್ಲ. ನೀವು ನೇರ ದೊಡ್ಡಮ್ಮನಿಗೆ ಎರಡು ರಿಂಗು ಕೊಟ್ಟು ಇಟ್ಟುಬಿಟ್ರಿ."

"ನಿನಗೆ ನಿನ್ನ ಕೆಲಸದ ಚಿಂತೆ, ನನಗೆ ಅರ್ಥ ಆಗುತ್ತೆ. ಅದಕ್ಕೆ ಮುದುಕನ ತಲೆ ಮೇಲೆ..."

"ನಿಮ್ಮ ಮಗ ಬಂದಿರಲಿಲ್ಲ ಮೇಷ್ಟ್ರೇ."

ಅವರ ಕೈ ಪೆನ್ಸಿಲುಗಳ ಮೇಲೆ ಹೋಗಿ ನಿಂತಿತು.

"ಎಡಗಾಲು ಎಳೀತಾನೆ ಅಂದ ತಕ್ಷಣ ನಿಮಗೆ ಅದೇ ಥರ ನಡೆಯೋ ಅವನೇ ಕಣ್ಣ ಮುಂದೆ ಬಂದ. ಎರಡು ವರ್ಷದ ಹಿಂದೆ ಅಜ್ಜನ ಜೊತೆ ಜಗಳ ಆಡಿ, ನೋಡ್ಕೋತೀನಿ ಅಂತ ಹೇಳಿ ಊರು ಬಿಟ್ಟವನಲ್ವಾ. ನನಗೂ ಬಂತು. ಬೆಳಿಗ್ಗೆ ಅವನಿರೋ ಊರಿನ ಠಾಣೆಗೆ ವೈರ್‌ಲೆಸ್ ಮಾಡಿ ವಿಚಾರಿಸಿದೆ. ಬುಧವಾರ ಬೆಳಿಗ್ಗೆ ಎಂಟರಿಂದ ಸಂಜೆ ಆರರವರೆಗೆ ಗೋದಾಮಿನಲ್ಲಿ ಲಾರಿಯ ಸರಕು ಇಳಿಸಿಕೊಳ್ತಿದ್ದ. ಹೋದಾಗ, ಬಂದಾಗ ಹಾಕಿದ ಸಹಿ ಇದೆ. ಹತ್ತು ಜನ ನೋಡಿದ್ದಾರೆ."

ಮೇಷ್ಟ್ರ ಮುಖದಲ್ಲಿ ಮೊದಲು ಬಂದದ್ದು ಸಮಾಧಾನ. ಅದರ ಬೆನ್ನಿಗೇ ಬಂದದ್ದನ್ನು ನೋಡಲಾಗದೆ ಸೀಟಿಯಕ್ಕ ಸ್ಲೇಟಿನ ಕಡೆ ದೃಷ್ಟಿ ತಿರುಗಿಸಿದಳು.

"ಅವನಲ್ಲ?"

"ಅವನಲ್ಲ."

"ಹೆತ್ತವನು ನಾನೇ ಅವನನ್ನ..." ಅವರು ಕನ್ನಡಕ ತೆಗೆದರು. "ಹೋಗಿ ಕೈ ಹಿಡಿದು ಎಳಕೊಂಡು ಬರೋಣ ಅಂತ ಹೊರಟೆ ಕಣಮ್ಮ. ಪೊಲೀಸಿನವರು ಬರೋದರೊಳಗೆ ಮನೆಗೆ ತಂದುಬಿಡೋಣ ಅಂತ. ದೊಡ್ಡಮ್ಮ ಸುಮ್ಮನಿರಲಿ ಅಂತ ರಿಂಗು ಕೊಟ್ಟೆ. ಈ ಮಂಡಿ ಇಟ್ಟುಕೊಂಡು ಅಲ್ಲಿಗೆ ಮುಟ್ಟೋಕೆ ಐದು ನಿಮಿಷ. ಒಳಗೆ ಬೇರೆ ಯಾರೂ ಇರಲಿಲ್ಲ. ಅಂಗಡಿಯವರು ನೆಲದ ಮೇಲಿದ್ರು. ಉಸಿರಾಡ್ತಿದ್ರು. ಸುತ್ತ ಗಡಿಯಾರಗಳೆಲ್ಲ ಟಿಕ್ ಟಿಕ್ ಅಂತಿದ್ವು ಅಂತ ಕಾಣುತ್ತೆ, ನನಗೆ ಕೇಳಿಸ್ತಿರಲಿಲ್ಲ. ಮುಳ್ಳು ಓಡ್ತಿರೋದು ಮಾತ್ರ ಕಾಣ್ತಿತ್ತು."

"ಉಸಿರಾಡ್ತಿದ್ದವರನ್ನ ಬಿಟ್ಟು ಮನೆಗೆ ಬಂದ್ರಾ?" ಅವಳ ದನಿ ತಾನಾಗಿಯೇ ಏರಿತು. "ಬಂದು ನಮ್ಮ ಮೇಲೆ ದೂರು ಬರೆದ್ರಾ?"

"ಬಿಟ್ಟು ಬರಲಿಲ್ಲಮ್ಮ!" ಮೇಷ್ಟ್ರು ಮೇಜು ಗುದ್ದಿದರು. ಪೆನ್ಸಿಲುಗಳು ಉರುಳಿದವು. "ಅಲ್ಲಿಂದಲೇ ಫೋನ್ ಮಾಡಿದೆ. ಅಂಗಡಿ ಫೋನಿನಿಂದ. ಮಗನಾದರೂ ಸರಿ, ಸಾಯೋ ಮನುಷ್ಯನ್ನ ಬಿಡೋಕಾಗಲ್ಲ ಅಂತ ನೇರ ಠಾಣೆಗೇ ಮಾಡಿದೆ. ದೂರಿನಲ್ಲಿ ನಾನು ಸುಳ್ಳು ಬರೆದಿಲ್ಲ. ಫೋನ್ ಮಾಡಿದೆವು, ಬರಲಿಲ್ಲ. ಮಾಡಿದವನು ನಾನು ಅಂತ ಮಾತ್ರ ಹೇಳಲಿಲ್ಲ."

ಸೀಟಿಯಕ್ಕ ಕುರ್ಚಿಯ ತುದಿಗೆ ಸರಿದಳು.

"ಎಷ್ಟು ಗಂಟೆಗೆ?"

"ಮೂರು ಇಪ್ಪತ್ತು. ಎದುರಿಗೆ ಅಷ್ಟೊಂದು ಗಡಿಯಾರ ಇದ್ದವಲ್ಲ."

"ಯಾರು ಎತ್ತಿದ್ದು?"

"ಗಂಡಸಿನ ದನಿ."

"ನೀವು ಏನಂದ್ರಿ? ಒಂದಕ್ಷರ ಬಿಡದೆ ಹೇಳಿ ಮೇಷ್ಟ್ರೇ. ಸ್ಲೇಟಿನ ಮೇಲೆ ಬರೆದ ಹಾಗೆ."

ಅವರು ಕಣ್ಣು ಮುಚ್ಚಿದರು. "ನಾನು ಡ್ರಾಯಿಂಗ್ ಮೇಷ್ಟ್ರು, ಬೇಗ ಬನ್ನಿ. ಅಷ್ಟೇ. ಎಲ್ಲಿಗೆ ಬರಬೇಕು ಅಂತ ಹೇಳೋದರೊಳಗೆ ಅವರೇ ಮಾತಾಡಿದ್ರು. 'ಗಾಬರಿ ಆಗಬೇಡಿ ಮೇಷ್ಟ್ರೇ, ಬಂದ ಹಿಂಬಾಗಿಲಿಂದಲೇ ಮನೆಗೆ ಹೋಗಿ. ಮುಂದಿನ ಕಡೆ ಬರಬೇಡಿ. ಗಾಡಿ ಕಳಿಸ್ತಿದ್ದೀನಿ. ಹುಡುಗನ ವಿಷಯ ನನಗೆ ಬಿಡಿ, ನಾನು ನೋಡ್ಕೋತೀನಿ.'"

ಹೊರಗೆ ಯಾರೋ ಸೈಕಲ್ ಬೆಲ್ಲು ಬಾರಿಸಿಕೊಂಡು ಹೋದರು.

"ಮೇಷ್ಟ್ರೇ, ನೀವು ಅಂಗಡಿಯಲ್ಲಿದ್ದೀರಿ ಅಂತ ಹೇಳಿರಲಿಲ್ಲ."

"ಇಲ್ಲ."

"ಹಿಂಬಾಗಿಲಿಂದ ಬಂದ್ರಿ ಅಂತ ಹೇಳಿರಲಿಲ್ಲ. ಮಗನ ಮಾತೇ ಎತ್ತಿರಲಿಲ್ಲ."

ಮುದುಕರು ಮೂರು ದಿನ ಆ ಮಾತನ್ನು ಉಪಕಾರವೆಂದೇ ಎದೆಗಪ್ಪಿಕೊಂಡು ಕೂತಿದ್ದರು. ಕಾಲು ಎಳೆಯುವವನನ್ನು ಯಾಕೆ ಕಳಿಸಿದ್ದರೆಂದು, ಅವನನ್ನು ಕಂಡರೆ ಈ ಬೀದಿ ತಮ್ಮ ಮಗನ ಹೆಸರೇ ಹೇಳುತ್ತದೆಂದು ಈಗ ಒಂದೊಂದಾಗಿ ತಿಳಿಯುತ್ತಿತ್ತು.

"ಆ ದನಿ ಮೊದಲು ಕೇಳಿದ್ರಾ?"

"ಅವತ್ತು ಗುರುತು ಹತ್ತಲಿಲ್ಲ. ಫೋನಿನಲ್ಲಿ ನನಗೆ ಎಲ್ಲರೂ ಒಂದೇ. ಆದರೆ 'ನೋಡ್ಕೋತೀನಿ' ಅನ್ನುವಾಗ ಕೊನೆಗೆ ಸಣ್ಣಗೆ ಕೆಮ್ಮು. ನಮ್ಮ ಸಭೆಗೆ ಪ್ರತಿ ತಿಂಗಳು ಬಂದು ಮೂಲೆಯಲ್ಲಿ ಕೂತು ಬರ್ಕೊಳ್ತಾರಲ್ಲ, ಅವರು..." ಮೇಷ್ಟ್ರು ತಡವರಿಸಿದರು. "ಬೇಡಮ್ಮ. ಒಂದು ಸಲ ಸುಮ್ಮಸುಮ್ಮನೆ ಒಬ್ಬನ ಮೇಲೆ ಅನುಮಾನ ಪಟ್ಟಾಗಿದೆ."

ಅವಳಿಗೆ ಹೆಸರು ಬೇಕಾಗಿಯೂ ಇರಲಿಲ್ಲ. ಬುಧವಾರ ಠಾಣೆಯಲ್ಲಿ ಕೇಳಿದ ಮಾತು ನೆನಪಾಯಿತು: ಅಕ್ಕ, ಎರಡರಿಂದ ಕೂತೇ ಇದ್ದೀರಿ. ಹೋಗಿ ಮುಖ ತೊಳ್ಕೊಂಡು ಟೀ ಕುಡ್ಕೊಂಡು ಬನ್ನಿ, ಫೋನ್ ನಾನು ನೋಡ್ಕೋತೀನಿ. ಆಮೇಲೆ ಸಣ್ಣದೊಂದು ಕೆಮ್ಮು. ವಾಪಸ್ ಬಂದಾಗ ರೈಟರ್ ನಕ್ಕಿದ್ದ: ಒಂದು ನೊಣನೂ ಫೋನ್ ಮಾಡ್ಲಿಲ್ಲ ಅಕ್ಕ.

ಇಬ್ಬರ ಬಾಯಿಯನ್ನೂ ಅವನು ಒಂದೇ ಬಗೆಯ ಉಪಕಾರದಿಂದ ಹೊಲಿದುಬಿಟ್ಟಿದ್ದ.

"ಏಳಿ ಮೇಷ್ಟ್ರೇ."

"ನಾನು ಸಭೆಯಲ್ಲಿ ಇದನ್ನೆಲ್ಲ ಹೇಳಿದರೆ ಬೀದಿಯವರು ನನ್ನ ಮುಖಕ್ಕೆ ಉಗೀತಾರೆ."

"ನನ್ನ ಮುಖಕ್ಕೂ ಉಗೀತಾರೆ. ಇಬ್ಬರೂ ಒಟ್ಟಿಗೆ ಒರೆಸಿಕೊಳ್ಳೋಣ, ಬನ್ನಿ."

* * *

ಮೇಷ್ಟ್ರ ಮಂಡಿಯ ದಯೆಯಿಂದ ಹಾಲ್ ಮುಟ್ಟುವಾಗ ಐದು ದಾಟಿತ್ತು. ಮಕ್ಕಳ ಬೆಂಚುಗಳ ಮೇಲೆ ದೊಡ್ಡವರು ಮಂಡಿ ಮಡಚಿಕೊಂಡು ಕೂತಿದ್ದರು. ವೇದಿಕೆಯ ಮೇಲೆ ದೊಡ್ಡ ಸಾಹೇಬರು, ಪಕ್ಕದಲ್ಲಿ ಠಾಣೆಯ ಎಸ್‌ಐ. ಬೇಕರಿಯವನು ಕೈ ಕಟ್ಟಿಕೊಂಡು ಗೋಡೆಗೆ ಒರಗಿದ್ದ. ಅವಳು ಒಳಗೆ ಬಂದೊಡನೆ ಗುಜುಗುಜು ನಿಂತಿತು.

"ಬನ್ನಿ," ಎಂದರು ದೊಡ್ಡ ಸಾಹೇಬರು, ಕಾಗದದಿಂದ ಕಣ್ಣೆತ್ತದೆ. "ನಿಮಗೆ ಒಂದೇ ಪ್ರಶ್ನೆ. ಬುಧವಾರ ಎರಡರಿಂದ ಆರರವರೆಗೆ ನೀವು ಫೋನಿನ ಮುಂದೆಯೇ ಇದ್ರಿ. ನಿಮ್ಮ ಹೇಳಿಕೆಯಲ್ಲೂ ಹಾಗೇ ಇದೆ, ರೈಟರ್ ಹೇಳಿಕೆಯಲ್ಲೂ ಹಾಗೇ ಇದೆ. ಸರಿ ತಾನೇ?"

ಹೌದು ಎನ್ನುವುದು ಎಷ್ಟು ಸುಲಭ ಎಂದು ಅವಳಿಗೆ ಆ ಕ್ಷಣ ಚೆನ್ನಾಗಿ ಗೊತ್ತಿತ್ತು. ಸರಪಳಿ ಮೇಷ್ಟ್ರ ಮನೆಯಲ್ಲಿ ಕಡಿದದ್ದನ್ನು ತೋರಿಸಿದರೆ ಸಾಕು, ಅವಳ ಕೆಲಸ ಉಳಿಯುತ್ತಿತ್ತು. ಪಕ್ಕದಲ್ಲಿ ನಿಂತ ಮುದುಕರು ಅದನ್ನು ಒಪ್ಪಿಕೊಳ್ಳಲು ಬಂದೇ ಇದ್ದರು.

"ಇಲ್ಲ ಸರ್. ನನ್ನ ಹೇಳಿಕೆ ಸುಳ್ಳು. ಮೂರೂ ಕಾಲಿಂದ ಹತ್ತು ನಿಮಿಷ ನಾನು ಅಲ್ಲಿರಲಿಲ್ಲ."

ಹಾಲ್ ಹೋ ಎಂದಿತು. "ನೋಡಿದ್ರಾ! ನಾವು ಹೇಳಿದ್ದು!" ಎಂದು ಹಿಂದಿನ ಬೆಂಚಿನಿಂದ ಯಾರೋ ಕೂಗಿದರು. ಎಸ್‌ಐ ಮುಖ ಕಪ್ಪಿಟ್ಟಿತು. ದೊಡ್ಡ ಸಾಹೇಬರು ಈಗ ಕಣ್ಣೆತ್ತಿದರು.

"ಇದರ ಅರ್ಥ ಏನು ಅಂತ ಗೊತ್ತಲ್ಲ ನಿಮಗೆ?"

"ಗೊತ್ತು ಸರ್. ಕೆಲಸ ಹೋಗುತ್ತೆ. ಆದರೆ ಆ ಹತ್ತು ನಿಮಿಷದಲ್ಲಿ ಠಾಣೆಗೆ ಕರೆ ಬಂದಿದೆ. ಮಾಡಿದವರು ಇಲ್ಲೇ ಇದ್ದಾರೆ. ನನ್ನ ಕುರ್ಚಿಯಲ್ಲಿ ಕೂತು ಅದನ್ನ ಎತ್ತಿದವರು ರೈಟರ್."

ಎಲ್ಲರ ತಲೆಯೂ ಒಟ್ಟಿಗೆ ಹೊರಳಿತು. ಪ್ರತಿ ಸಭೆಯಲ್ಲೂ ರೈಟರ್ ಕೂತು ಬರೆದುಕೊಳ್ಳುತ್ತಿದ್ದ ಮೂಲೆಯಲ್ಲಿ ಮೇಜಿತ್ತು. ಮೇಜಿನ ಮೇಲೆ ತೆರೆದ ಪುಸ್ತಕ, ಅದರ ಮೇಲೆ ಪೆನ್ನು. ಕುರ್ಚಿಯಲ್ಲಿ ಯಾರೂ ಇರಲಿಲ್ಲ.

"ಈಗಿನ್ನೂ ಇಲ್ಲೇ ಇದ್ದನಲ್ಲ," ಎಂದರು ಎಸ್‌ಐ.

ಸೀಟಿಯಕ್ಕ ಬೆಂಚುಗಳ ಮೇಲೆ ಕಣ್ಣಾಡಿಸಿದಳು. ಟೈಲರಮ್ಮ, ಕಾಂಪೌಂಡರ್, ಅವರ ಹೆಂಡತಿ. ಎಡಗಾಲು ಎಳೆಯುವವನನ್ನು ಕಣ್ಣಾರೆ ಕಂಡಿದ್ದ ಒಬ್ಬರೇ ಒಬ್ಬರು ಅಲ್ಲಿರಲಿಲ್ಲ.

"ದೊಡ್ಡಮ್ಮ ಎಲ್ಲಿ?"

ಟೈಲರಮ್ಮ ಎದ್ದು ನಿಂತಳು. ಇಷ್ಟು ಹೊತ್ತಿನ ಬಿಗಿ ಅವಳ ಮುಖದಿಂದ ಕಳಚಿ ಬಿದ್ದಿತ್ತು.

"ಕರ್ಕೊಂಡು ಹೋದ್ರಲ್ಲ ಅಕ್ಕ. ನಾಲ್ಕೂ ಮುಕ್ಕಾಲಿಗೆ ಮನೆ ಮುಂದೆ ಜೀಪ್ ಬಂತು. ಸಭೆಗೆ ಮೊದಲು ದೊಡ್ಡಮ್ಮನ ಹೇಳಿಕೆ ಬರ್ಕೋಬೇಕು ಅಂದ ಡ್ರೈವರ್. ನಾನೇ ಕೈ ಹಿಡಿದು ಹತ್ತಿಸಿದೆ. ಒಳ್ಳೆಯವನು, ಕಾಲು ನೋವು ಇದ್ರೂ ತಾನೇ ಇಳಿದು ಬಂದು ಬಾಗಿಲು ತೆಗೆದ." ಅವಳ ದನಿ ಸಣ್ಣದಾಯಿತು. "ನೀವೇ ಕಳಿಸಿದ್ದು ಅಂದ ಅಕ್ಕ."

ಠಾಣೆಗೆ ಇದ್ದದ್ದು ಒಂದೇ ಜೀಪು. ಅದು ಹಾಲ್‌ನ ಕಿಟಕಿಯಾಚೆ, ನಾಲ್ಕೂವರೆಗೆ ಎಸ್‌ಐ ಇಳಿದ ಜಾಗದಲ್ಲೇ, ಖಾಲಿ ನಿಂತಿತ್ತು.